ಶೇಂಗಾ ತಿಂದರೂ ಇಂಗಾಲ

ಮೊನ್ನೆ ಸೇಡಂನ ನಮ್ಮ ಮನೆಯಲ್ಲಿ ಶೇಂಗಾ ಹುರಿಯುವಾಗ ಸಿಪ್ಪೆ ಸೀದ ವಾಸನೆ ಎದ್ದಿತು. ಬೇರೆಯವರಿಗೆ ಆ ವಾಸನೆಗೆ ಚಟ್ನಿ ಹಿಂಡಿ, ಶೇಂಗಾ ಹೋಳಿಗೆ ನೆನಪಾಗಬಹುದು. ನನಗೆ ಪರಮಾಣು ನೆನಪಾಗುತ್ತದೆ.

ನಾನು ಹುಟ್ಟಿ ಬೆಳೆದ ಶಹಾಬಾದಿನ ಶಾಲೆಯಲ್ಲಿ ನಮ್ಮ ವಿಜ್ಞಾನದ ಸರ್ ಪರಮಾಣುವನ್ನು ಊಟದ ತಾಟಿನಲ್ಲಿ ಕಟ್ಟುತ್ತಿದ್ದರು. ನಡುವೆ ತೊಗರಿಕಾಳು ಪ್ರೋಟಾನು, ಅದರ ಜೊತೆ ಹುರಿದ ಶೇಂಗಾ ನ್ಯೂಟ್ರಾನು, ಅಂಚಿನ ಸುತ್ತ ಜೋಳದ ಕಾಳು ಎಲೆಕ್ಟ್ರಾನು. ಆರು ತೊಗರಿಗೆ ಆರು ಶೇಂಗಾ ಇಟ್ಟರೆ ಸಾಮಾನ್ಯ ಇಂಗಾಲ. ಶೇಂಗಾ ಎಂಟಾದರೆ ಅದರದೇ ಹೆಚ್ಚು ಭಾರದ ರೂಪ, ಅಂದರೆ ಐಸೋಟೋಪು, ಇಂಗಾಲ ಹದಿನಾಲ್ಕು. ಆಮೇಲೆ ಸರ್ ಎರಡು ಶೇಂಗಾ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಶೇಂಗಾ ತಿಂದ್ರೂ ಇಂಗಾಲ ಇಂಗಾಲೇ ಇರ್ತದ. ತೊಗರಿಗೆ ಕೈ ಹಚ್ಚಿದ್ರ ಮಾತ್ರ ಹೆಸರೇ ಬದಲಾಗ್ತದ ನೋಡವಾ."

ಪಾಠ ಮುಗಿದ ಮೇಲೆ ಉಳಿದ ನ್ಯೂಟ್ರಾನುಗಳನ್ನು ನಾವು ಹಂಚಿಕೊಂಡು ತಿನ್ನುತ್ತಿದ್ದೆವು. ಅಂಥ ಸರ್ ಹೇಳಿದ್ದೆಂದರೆ ನನಗೆ ಮುಗಿಯಿತು, ಮರುಮಾತಿಲ್ಲ...

ಹತ್ತನೇ ತರಗತಿಯಲ್ಲಿದ್ದಾಗ ಚಿತ್ತಾಪುರದಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು. ಇಂಗಾಲ ಹದಿನಾಲ್ಕು ಎಷ್ಟು ಉಳಿದಿದೆ ಎಂದು ನೋಡಿ ಹಳೆಯ ಮರದ ವಯಸ್ಸು ಹೇಳುತ್ತಾರೆಂದು ಪುಸ್ತಕದಲ್ಲಿತ್ತು. ನಾನು ಅದನ್ನೇ ಮಾಡುತ್ತೇನೆಂದೆ, ಸರ್ ಒಪ್ಪಲಿಲ್ಲ. "ಕಟಗಿ ಎಲ್ಲಾರೂ ತರ್ತಾರ. ನಮ್ಮೂರ ಕಲ್ಲಿನಾಗೂ ಇಂಗಾಲ ಅದ. ನೀ ಅದರ ವಯಸ್ಸು ಹೇಳು" ಅಂದರು. ಮನೆ, ಶಾಲೆ, ಸ್ಟೇಷನ್ನು ಎಲ್ಲ ಕಡೆ ನಮ್ಮ ಕಾಲಡಿ ಇದ್ದದ್ದು ಅದೇ ಶಹಾಬಾದಿ ಸುಣ್ಣಗಲ್ಲು. ನನಗೂ ಹೆಮ್ಮೆಯಾಯಿತು. ಗಣಿಯಲ್ಲಿ ಹಾಸುಗಲ್ಲು ಕಡಿಯುತ್ತಿದ್ದ ಅಪ್ಪ ಅಂಗೈಯಗಲದ ತುಂಡೊಂದನ್ನು ನುಣ್ಣಗೆ ಉಜ್ಜಿಕೊಟ್ಟ. ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಾಡಿಯಲ್ಲಿ ರೈಲು ಬದಲಿಸಿ ನನ್ನ ಜೊತೆ ಬಂದ.

ತೀರ್ಪು ಕೊಡಲು ಬಂದಿದ್ದ ಕಾಲೇಜಿನ ಮೇಡಂ ನನ್ನ ಮಾತೆಲ್ಲ ಕೇಳಿ ಕಲ್ಲನ್ನು ಕೈಗೆತ್ತಿಕೊಂಡರು. "ಇದು ಕೋಟಿಗಟ್ಟಲೆ ವರ್ಷದ ಕಲ್ಲವಾ. ಇದರಾಗ ಇಂಗಾಲ ಹದಿನಾಲ್ಕು ಎಂದೋ ಕ್ಷಯ ಆಗಿ ಹೋಗ್ಯಾದ. ಏನು ಎಣಸ್ತಿ? ಯಾರು ಹೇಳಿಕೊಟ್ರು ನಿನಗ?"

ನಾನು ಪಕ್ಕದಲ್ಲೇ ನಿಂತಿದ್ದ ಸರ್ ಕಡೆ ಕೈ ತೋರಿಸಿದೆ. ತಪ್ಪು ಯಾರಿಗೂ ಆಗುತ್ತದೆ. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ನಾ ಹೇಳಿಲ್ರಿ ಮೇಡಂ" ಅಂದರು ಸರ್. "ಕಟಗಿ ತಾ ಅಂದಿದ್ದೆ. ಹುಡುಗಿ ನನ್ನ ಮಾತು ಕೇಳಲ್ರಿ."

ನಂಬಿಸಿ ಕುತ್ತಿಗೆ ಕೊಯ್ಯುವುದು ಅನ್ನುತ್ತಾರಲ್ಲ, ಅದು ಅಷ್ಟು ಮೆತ್ತಗಿನ ದನಿಯಲ್ಲಿ ನಡೆಯುತ್ತದೆ ಎಂದು ಅವತ್ತು ತಿಳಿಯಿತು. ಹಿಂದೆ ನಿಂತಿದ್ದ ಅಪ್ಪ ತಲೆ ತಗ್ಗಿಸಿದ. ವಾಪಸು ಬರುವಾಗ ರೈಲಿನಲ್ಲಿ ನಾನು ಎಷ್ಟು ಆಣೆ ಇಟ್ಟರೂ ಅಪ್ಪನದು ಒಂದೇ ಮಾತು: "ಸರ್ ಯಾಕ ಸುಳ್ಳ ಹೇಳ್ತಾರವಾ? ತಪ್ಪು ದೊಡ್ಡವರ ಮ್ಯಾಲ ಹಾಕಬಾರದು."

ವರ್ಷಗಳಾದ ಮೇಲೆ ಸರ್ ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. "ಅಪ್ಪ ಆರಾಮ ಅದಾನೇನವಾ?" ಎಂದು ಕೇಳಿದರು. ಇನ್ನೇನಾದರೂ ಹೇಳುತ್ತಾರೆಂದು ನಿಂತೆ. ಅವರ ರೈಲು ಬಂತು, ಹತ್ತಿದರು... ಸಿಟ್ಟು ಇನ್ನೂ ಆರಿಲ್ಲ.

ಹೋದ ವಾರ ಸರ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, "ಭಾಳ ದೊಡ್ಡ ಮನುಷ್ಯ. ಅವತ್ತು ನೀ ಅವರ ಮಾತು ಕೇಳಿದ್ರ ಚಲೋ ಇತ್ತು" ಅಂದ. ನಾನು ಹೇಳಿದರೆ ಅಪ್ಪ ನಂಬುವುದಿಲ್ಲ. ಸರ್ ಹೇಳಿದ್ದರೆ ನಂಬುತ್ತಿದ್ದ.