ಕಬ್ಬಿಣವೆಂದು ನಾನು ಮಸಿ ಹಾಕಿದ ಟೊಪ್ಪಿ

ಕೊಪ್ಪದಲ್ಲಿ ಬಸ್ಸಿಳಿದು, ಸರೋಜಕ್ಕನ ಹಿಂದೆ ಹುಲ್ಲಿನ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದಿದ್ದೆ ಅಷ್ಟೆ. ಅವರ ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಾಗ ಎಡಗಾಲು ಪೂರ್ತಿ ರಕ್ತವಾಗಿತ್ತು. ನೋವು ಮಾತ್ರ ಇರಲಿಲ್ಲ. ಬೆರಳ ಸಂದಿಯಲ್ಲಿ ಕಪ್ಪಗೆ ಉಬ್ಬಿದ್ದೊಂದು ಅಂಟಿಕೊಂಡಿತ್ತು. ಕಿತ್ತೆಸೆದೆ. ರಕ್ತ ನಿಲ್ಲಲಿಲ್ಲ.

"ಕೀಳಬಾರ್ದು ಮಾರಾಯ್ತಿ, ಸುಣ್ಣ ಮುಟ್ಟಿಸಿದ್ರೆ ತಾನೇ ಬೀಳ್ತದೆ. ಉಂಬಳ ಅದು. ನಿಮ್ಮೂರಲ್ಲಿ ಎಂತ ಅಂತೀರಿ?"

ನಮ್ಮಲ್ಲಿ ಜಿಗಣೆ ಎನ್ನುತ್ತೇವೆ. ವಿಜಯಪುರದ ಒಣ ನೆಲದಲ್ಲಿ ನಾನದನ್ನು ಕಂಡದ್ದು ನಾಟಿ ವೈದ್ಯರ ಬಾಟಲಿಯಲ್ಲಿ ಮಾತ್ರ. ಆದರೆ ಉಂಬಳ ಎಂಬ ಹೆಸರನ್ನು ಒಂಬತ್ತು ವರ್ಷ ಬರೆದಿದ್ದೇನೆ.

ನಿಮ್ಮಲ್ಲಿ ಕೆಲವರು ಆ ಪುಸ್ತಕಗಳನ್ನು ಓದಿದ್ದೀರಿ. ನನ್ನ ಯಜಮಾನರು ಶಶಿಧರ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಉಳಿದ ಹೊತ್ತಿನಲ್ಲಿ 'ಉಂಬಳ' ಎಂಬ ಕಾಮಿಕ್ಸ್ ಮಾಡುತ್ತಿದ್ದರು. ನಾವೇ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುತ್ತಿದ್ದೆವು. ಅದರ ನಾಯಕ ಪೆಟ್ಟು ತಿಂದವರ ಮೈಮೇಲೆ ಅಂಗೈ ಇಟ್ಟು ಅವರ ನೋವನ್ನು ಹೀರಿಕೊಳ್ಳುತ್ತಾನೆ. ಹೀರಿದ್ದು ಅವನೊಳಗೇ ಉಳಿಯುತ್ತದೆ. ಅವನ ವೈರಿ, ಟೊಪ್ಪಿಯನ್ನು ಹುಬ್ಬಿನ ಕೆಳಗೆಳೆದು ಬಾಗಿಲಲ್ಲಿ ನಿಲ್ಲುವ ಒಬ್ಬ ಗಂಡಸು. ಐದು ಸಂಚಿಕೆಗಳಲ್ಲೂ ಅವನ ಮುಖ ಕಾಣುವುದಿಲ್ಲ. ಪೆನ್ಸಿಲ್ ಅವರದು, ಮಸಿ ನನ್ನದು.

ಅವರ ಊರು ನರಸಿಂಹರಾಜಪುರದ ಕಡೆಯ ಮುತ್ತಿನಕೊಪ್ಪ. ಅಪ್ಪ ಹೊಡೆಯುತ್ತಿದ್ದರು, ಹದಿನಾರಕ್ಕೆ ಓಡಿಬಂದೆ ಎಂದು ಒಮ್ಮೆ ಹೇಳಿದ್ದರು. ಬೆನ್ನ ಮೇಲಿನ ಗುರುತುಗಳ ಬಗ್ಗೆ ಮತ್ತೆ ಕೇಳಲು ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಯಜಮಾನರು ಹೃದಯಾಘಾತವಾಗಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ ಆರನೆಯ ಸಂಚಿಕೆಯ ಕೊನೆಯ ಪುಟದಲ್ಲಿ ವೈರಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಮುಖದ ಜಾಗ ಖಾಲಿ.

ಸರೋಜಕ್ಕ ಅವರ ಅಕ್ಕ. ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ತಮ್ಮನ ಕರ್ಮಕ್ಕೆ ಬಂದವರು, "ಒಬ್ಳೇ ಎಂತ ಮಾಡ್ತೀಯ, ಬಾ," ಎಂದರು. ಪಾರ್ಶ್ವವಾಯು ಬಡಿದ ಅವರ ಅಪ್ಪ ಅವರ ಮನೆಯಲ್ಲೇ ಇದ್ದಾರೆಂದು ಗೊತ್ತಿತ್ತು. ನಾನು ಬಂದದ್ದು ಆ ಮುಖ ನೋಡಲು, ನೋಡಿ ಆ ಪುಟ ಮುಗಿಸಲು.

ಒಳಕೋಣೆಯ ಮಂಚದ ಮೇಲೆ ಕಂಡದ್ದು ಒಂದು ಕಡೆ ಜೋತುಬಿದ್ದ ತುಟಿ, ಹಲ್ಲಿಲ್ಲದ ಬಾಯಿ, ಊದಿದ ಕೆನ್ನೆ. ಮಾತಿಲ್ಲ. ಸರೋಜಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅರ್ಧ ಹೊರಗೆ ಸುರಿಯುತ್ತಿತ್ತು. ಇದನ್ನು ಹೇಗೆ ಬರೆಯಲಿ?

ವಿಜಯಪುರದ ಬಿಸಿಲಿಗೆ ಮಸಿ ನಿಬ್ಬಿನಲ್ಲೇ ಒಣಗುತ್ತಿತ್ತು. ಇಲ್ಲಿ ಕಾಗದವೇ ನೀರು ಕುಡಿದಿರುತ್ತದೆ, ಎಳೆದ ಗೆರೆ ಹರಡುತ್ತದೆ. ಎರಡು ಪುಟ ಹಾಳಾದ ಮೇಲೆ ಅಂಗಡಿಯ ಇಸ್ತ್ರಿಪೆಟ್ಟಿಗೆಯಿಂದ ಹಾಳೆಯನ್ನು ಮೊದಲು ಕಾಯಿಸಿಕೊಳ್ಳುವುದನ್ನು ಕಲಿತೆ. ಗೆರೆ ನಿಂತಿತು. ಆ ದಿನ ಜೋಳದ ಹಿಟ್ಟು ತಂದು ರೊಟ್ಟಿ ಬಡಿದೆ. "ಇದೆಂತ, ಮನೇಲಿ ಡೋಲು ಬಾರಿಸ್ತಿಯನ?" ಎಂದು ಸರೋಜಕ್ಕ ನಕ್ಕರು. ಎರಡು ರೊಟ್ಟಿ ತಿಂದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಳೆಯ ಸಂಚಿಕೆಗಳನ್ನು ತಿರುವುತ್ತಿದ್ದ ಸರೋಜಕ್ಕ ವೈರಿಯ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು. "ಇದೆಂತದೇ ತಲೆ ಮೇಲೆ?"

"ಶಿರಸ್ತ್ರಾಣ ಅಕ್ಕಾ. ಕಬ್ಬಿಣದ್ದು."

"ಕಬ್ಬಿಣ ಅಂತ ಯಾರಂದ್ರು?"

ಯಾರೂ ಅಂದಿರಲಿಲ್ಲ. ಪೆನ್ಸಿಲಿನಲ್ಲಿ ಗುಮ್ಮಟದಂಥ ಆಕಾರ ಇರುತ್ತಿತ್ತು. ನಾನೇ ಮೊಳೆಗಳನ್ನು, ಹೊಳಪನ್ನು ಸೇರಿಸಿದ್ದೆ. ಯಜಮಾನರು ನೋಡಿಯೂ ತಿದ್ದಿರಲಿಲ್ಲ.

ಸರೋಜಕ್ಕ ರಸ್ತೆಯಾಚೆ ಕೈ ತೋರಿಸಿದರು. ತೋಟದ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬರ ತಲೆಯ ಮೇಲೆ ಹಾಳೆಟೊಪ್ಪಿ ಇತ್ತು. ಅಡಿಕೆಯ ಹಾಳೆಯನ್ನು ಮಡಚಿ ಹೊಲಿದ ಟೊಪ್ಪಿ. "ಅಪ್ಪಯ್ಯ ಅದನ್ನ ಹಾಕ್ಕೊಂಡೇ ಬಾಗ್ಲಿಗೆ ಬರ್ತಿದ್ದದ್ದು. ಅಂಗಳದಲ್ಲಿ ಅದು ಕಂಡ್ರೆ ನಾವಿಬ್ರೂ ಮಂಚದ ಕೆಳಗೆ. ಪೆಟ್ಟು ತಿನ್ನಲಿಕ್ಕೆ ಮೊದ್ಲು ಹೊರಗೆ ಬರ್ತಿದ್ದದ್ದು ಶಶಿ. ನಾನು ದೊಡ್ಡವಳು, ಆದ್ರೂ ಅವ್ನು."

ಒಂಬತ್ತು ವರ್ಷ ನಾನು ಆ ಮನುಷ್ಯನನ್ನು ಸೈನಿಕನನ್ನಾಗಿ ಮಾಡಿದ್ದೆ. ಅವನು ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಒಬ್ಬ ಅಪ್ಪ.

ಕೊನೆಯ ಪುಟದಲ್ಲಿ ಹಾಳೆಟೊಪ್ಪಿಯನ್ನೇ ಬರೆದು, ಖಾಲಿ ಮುಖವನ್ನು ಸರೋಜಕ್ಕನಿಗೆ ತೋರಿಸಿದೆ. ಅಪ್ಪನ ಮುಖ ಬರೆಯುವುದೇ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

"ಈಗಿನ ಮುಖ ಹಾಕ್ಬೇಡ. ಆ ಮುಖ ಯಾರಿಗೂ ಹೊಡೆದದ್ದಲ್ಲ," ಎಂದು ಸರೋಜಕ್ಕ ಒಳಗೆ ಹೋಗಿ, ಸೀರೆಗಳ ಅಡಿಯಿಂದ ಒಂದು ಫೋಟೋ ತಂದುಕೊಟ್ಟರು. ಅಪ್ಪನ ನಲವತ್ತರ ವಯಸ್ಸಿನದು.

ನೋಡಿದೆ. ನನ್ನ ಯಜಮಾನರು. ಅದೇ ಹಣೆ, ಅದೇ ಕಣ್ಣು, ಗಡ್ಡವೊಂದಿಲ್ಲ. ಎಷ್ಟೇ ಸೆಕೆಯಿದ್ದರೂ ಅವರು ಗಡ್ಡ ಬೋಳಿಸಿದ್ದನ್ನು ನಾನು ಕಂಡಿರಲಿಲ್ಲ.

"ಜನ ಶಶಿನೇ ಅಂದ್ಕೊಳ್ತಾರಲ್ಲೇ," ಎಂದರು ಸರೋಜಕ್ಕ. ಆಮೇಲೆ, "ಅದಕ್ಕೇ ಗಡ್ಡ ಬಿಟ್ಟಿದ್ದನೇನೋ," ಎಂದರು.

ಮಸಿಯ ಬಾಟಲಿ ಮುಚ್ಚಿದೆ. ಯಾರ ಮೇಲೂ ಕೈ ಎತ್ತದವರ ಮುಖವನ್ನು ಆ ಬಾಗಿಲಲ್ಲಿ ನಿಲ್ಲಿಸಲು ನನ್ನಿಂದಾಗಲಿಲ್ಲ. ಬೇರೆ ಮುಖ ಬರೆದು ಸುಳ್ಳು ಹೇಳಲೂ ಆಗಲಿಲ್ಲ. ಪುಟ ಹಾಗೆಯೇ ಅಚ್ಚಿಗೆ ಹೋಗಿದೆ. ಶಿರಸ್ತ್ರಾಣ ಎಲ್ಲಿ ಹೋಯಿತು, ಮುಖವೇಕೆ ಖಾಲಿ ಎಂದು ನೀವು ಕೇಳುತ್ತೀರೆಂದೇ ಇಷ್ಟು ಬರೆದೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. "ಪುಸ್ತಕ ಮುಗೀತಲ್ಲ ಯವ್ವಾ, ಇನ್ನ ಅಲ್ಲೇನೈತಿ ನಿನಗ? ಹೊಳ್ಳಿ ಬಾ."

ಹೋಗಬೇಕು. ಯಜಮಾನರು ಬರೆದ ಬೋರ್ಡುಗಳು ಇನ್ನೂ ಅಲ್ಲಿ ಒಂದೊಂದು ಅಂಗಡಿಯ ಮೇಲಿವೆ. ಅವು ಮಾಸುವ ಮೊದಲು ನೋಡಬೇಕು. ಆದರೆ ಫೋಟೋ ನೋಡಿದ ಮೇಲೆ ಮಂಚದ ಮೇಲಿನ ಮುಖದಲ್ಲೂ ಆ ಹಣೆ ಗುರುತು ಹತ್ತಿದೆ. ಯಜಮಾನರು ಮುದುಕರಾಗುವವರೆಗೆ ಬದುಕಿದ್ದರೆ ಹೀಗೇ ಕಾಣುತ್ತಿದ್ದರು. ಮಧ್ಯಾಹ್ನದ ಗಂಜಿ ಈಗ ನಾನೇ ಕುಡಿಸುತ್ತೇನೆ. ಗದ್ದ ಒರೆಸುವಾಗ ಒಮ್ಮೊಮ್ಮೆ ಕೈ ಮೆತ್ತಗಾಗುತ್ತದೆ. ಬೆನ್ನ ಗುರುತುಗಳು ನೆನಪಾಗಿ ತಟ್ಟನೆ ಹಿಂದಕ್ಕೆಳೆದುಕೊಳ್ಳುತ್ತೇನೆ. ಮುದುಕರು ಬಾಯಿ ತೆರೆದು ಮುಂದಿನ ಚಮಚಕ್ಕೆ ಕಾಯುತ್ತಾರೆ.