ಕಾಗೆ ಮುಟ್ಟಿದ ಸುದ್ದಿ

ಈಗ ಟೀವಿಯಲ್ಲಿ ಕೋಟು ತೊಟ್ಟು, ಮುಖಕ್ಕೆ ಪೌಡರ್ ಬಳಿದುಕೊಂಡು ಸುದ್ದಿ ಓದುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾನೂ ಸುದ್ದಿ ಓದಿದವನೇ. ಚನ್ನರಾಯಪಟ್ಟಣದ ಪಾರ್ಕಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು. ಐವತ್ತರ ದಶಕದ ಕೊನೆಯಲ್ಲಿ ಪುರಸಭೆಯವರು ಅಲ್ಲೊಂದು ರೇಡಿಯೊ ಇಟ್ಟು, ಹುಣಸೆಮರಕ್ಕೆ ಮೈಕಿನ ಹಾರ್ನು ಕಟ್ಟಿಸಿದರು. ಗುಂಡಿ ತಿರುಗಿಸುವುದಷ್ಟೇ ನನ್ನ ನೌಕರಿ. ಆದರೆ ದೆಹಲಿಯ ಕನ್ನಡ ವಾರ್ತೆ ಮುಗಿಯುತ್ತಲೇ ತೆಂಗಿನಕಾಯಿ ಮಂಡಿಯವರು, "ಅದೇನಂದ್ರು ಸಾ? ವಸಿ ನಮ್ ಮಾತಲ್ಲಿ ಏಳಿ" ಎನ್ನುತ್ತಿದ್ದರು. 'ಉನ್ನತ ಮಟ್ಟದ ಸಮಾಲೋಚನೆ' ಎಂದರೆ, "ದೊಡ್ಡೋರು ಕೂತ್ಕಂಡು ಮಾತಾಡವ್ರೆ" ಎಂದೆ. ಮರುದಿನವೂ ಕೇಳಿದರು, ಮರುದಿನವೂ ಹೇಳಿದೆ, ಈ ಸಲ ಮೈಕಿನಲ್ಲೇ. ಹಾಗೆ ಶುರುವಾದದ್ದು ನಾನು ನಿವೃತ್ತನಾಗುವವರೆಗೆ ನಡೆಯಿತು.

ದೇಶದ ಸುದ್ದಿಯಾದ ಮೇಲೆ ಊರಿನ ಸುದ್ದಿ. ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ಕೊನೆಯಲ್ಲಿ ಸಾವು. ಸಾವಿನ ಸುದ್ದಿಗೆಂದು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಲೂ ಇರಲಿಲ್ಲ. ಮನೆಯವರೇ ಬಂದು ಹೇಳದ ಹೊರತು ಓದುತ್ತಿರಲಿಲ್ಲ. ಹೀಗಾಗಿ ಮೈಕಿನಲ್ಲಿ ಬಂದರೆ ಮಾತ್ರ ನಿಜ ಎಂದು ಊರು ನಂಬಿತು. ನನಗೆ ಅದರ ಜಂಬವೂ ಇತ್ತು. ಯಾಕಿರಬಾರದು?

ಅರವತ್ತರ ದಶಕದ ಒಂದು ಬೇಸಿಗೆ. ಶಾಂತಿಗ್ರಾಮಕ್ಕೆ ಕೊಟ್ಟಿದ್ದ ನನ್ನ ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಭಾವನ ತಲೆಗೆ ಕಾಗೆ ಹೊಡೆದಿತ್ತು. ನಮ್ಮ ಕಡೆ ಅದು ಸಾವಿನ ಸೂಚನೆ. ಅದಕ್ಕೆ ಪರಿಹಾರವೂ ಉಂಟು. ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ನಂಬಿ ಅಳಬೇಕು. ಆ ಕಣ್ಣೀರಿಗೆ ಕಂಟಕ ಕಳೆಯುತ್ತದೆ. ಆಮೇಲೆ ನಿಜ ಹೇಳಿದರಾಯಿತು.

"ಇವತ್ತು ಮೈಕಲ್ಲಿ ಏಳ್ಬುಡ್ಲಾ, ನಿಮ್ ಬಾವ ಓಗ್ಬುಟ್ರು ಅಂತ," ಎಂದಳು ಅಕ್ಕ. "ಇಡೀ ಪಟ್ಣವೇ ಅಳ್ತದೆ."

"ಬದ್ಕಿರೋರ್ನ ಸತ್ರು ಅಂತ ಓದಾಕಾಯ್ತದಾ? ನಾಳೆಯಿಂದ ನನ್ ಮಾತ ಯಾರು ನಂಬ್ತಾರೆ?"

"ನಿನ್ ಮಾತು ದೊಡ್ದಾ, ನನ್ ತಾಳಿ ದೊಡ್ದಾ?"

"ಆಗಲ್ಲ ಅಂದ್ರೆ ಆಗಲ್ಲ ಕಣಕ್ಕ," ಎಂದು ರೇಗಿದೆ. ಕಾಗೆಗೇನು ಗೊತ್ತು ಮಣ್ಣು, ಎಂದೂ ಅಂದೆ. ಅವಳು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಅಕ್ಕ ತನ್ನ ಮನೆಯ ಆಳನ್ನು ನಮ್ಮೂರಿಗೇ ಅಟ್ಟಿದಳು. ಭಾವನ ಅಕ್ಕನ ಮನೆ ಮಂಡಿಯ ಹಿಂದಿನ ಬೀದಿಯಲ್ಲಿತ್ತು. ಆಳು ಬಾಗಿಲಲ್ಲೇ ನಿಂತು, ಅಳುಮುಖ ಮಾಡಿಕೊಂಡು, ನಿನ್ನೆಯೇ ಹೋಗಿಬಿಟ್ಟರು ಎಂದು ಸುದ್ದಿ ಹೇಳಿದನಂತೆ. ಆಯಮ್ಮ ಒಂದು ಕ್ಷಣ ಬೆಚ್ಚಿ, ಆಮೇಲೆ ನಕ್ಕೇಬಿಟ್ಟರಂತೆ.

"ಓಗ್ಲಾ ಸುಮ್ಕೆ! ಕಾಗೆ ಮುಟ್ಟಿರ್ಬೇಕು. ನಿಜ್ವಾಗ್ಲೂ ಸತ್ತಿದ್ರೆ ನೆನ್ನೆ ಮೈಕಲ್ಲಿ ಬತ್ತಿರ್ಲಿಲ್ವಾ? ಓದೋನು ಸ್ವಂತ ಬಾಮೈದ ಕಣ್ಲಾ!"

ಆಳಿಗೆ ಮುದ್ದೆ ಇಕ್ಕಿ ಕಳಿಸಿದರು. ಮಾತು ಹೊಳೆನರಸೀಪುರದ ನೆಂಟರಿಗೂ ಮುಟ್ಟಿತು, ಅವರೂ ನಕ್ಕರು. ಭಾವನಿಗಾಗಿ ಯಾರ ಕಣ್ಣಲ್ಲೂ ಒಂದು ಹನಿ ಬರಲಿಲ್ಲ.

ಆ ಮಳೆಗಾಲದಲ್ಲಿ ಭಾವ ಕಾಮಾಲೆಯಿಂದ ತೀರಿಕೊಂಡರು. ಸುದ್ದಿಯನ್ನು ನಾನೇ ಓದಿದೆ, ಎಂದಿನ ದನಿಯಲ್ಲಿ. ತಿಥಿಯ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ಅವತ್ತು ಸುಳ್ಳು ಓದಿದ್ರೆ ಈಗ ನಿಜ ಓದೋ ಅಂಗಿರ್ತಿರ್ಲಿಲ್ಲ ಕಣ್ಲಾ."

ಅಷ್ಟೇ. ಅಲ್ಲಿಂದ ಮಾತು ಬಿಟ್ಟಳು. ಹಬ್ಬಕ್ಕೆ ಕರೆದರೆ ಬರಲಿಲ್ಲ. ನಾನೇ ಹೋದರೆ ಎದ್ದು ತೋಟದ ಕಡೆ ಹೊರಟುಬಿಡುತ್ತಿದ್ದಳು. ಕಾಮಾಲೆಗೂ ಕಾಗೆಗೂ ಏನು ಸಂಬಂಧ ಎಂದು ನಾನು ಮನೆಯಲ್ಲಿ ಕೂಗಾಡುತ್ತಿದ್ದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ನನಗಿದ್ದವಳು ಅವಳೊಬ್ಬಳೇ ಅಕ್ಕ.

ಹೀಗೇ ಒಂದೆರಡು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಮರ ಹತ್ತಿ ಹಾರ್ನಿನ ವೈರು ಸರಿಮಾಡುತ್ತಿದ್ದಾಗ ಕಾಗೆಯೊಂದು ನನ್ನ ತಲೆಗೇ ಹೊಡೆದುಕೊಂಡು ಹೋಯಿತು. ಥೂ, ಎಂದು ಒರೆಸಿಕೊಂಡು ಸುಮ್ಮನಾದೆ. ಮನೆಯಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಹೆಂಡತಿಯ ಮುಖ ಬಿಳಿಚಿಕೊಂಡಿತು. ನನಗೆ ಗೊತ್ತಾಗದ ಹಾಗೆ ಹಾಸನದ ಬಸ್ಸಿನ ಕಂಡಕ್ಟರ್ ಕೈಲಿ ಶಾಂತಿಗ್ರಾಮಕ್ಕೆ ಹೇಳಿಕಳಿಸಿದಳು: ನಿಮ್ಮ ತಮ್ಮ ಹೋಗಿಬಿಟ್ಟರು.

ಸಂಜೆ ನಾನು ದೇಶದ ಸುದ್ದಿ ಮುಗಿಸಿ ನಲ್ಲಿ ನೀರಿನ ವಿಷಯಕ್ಕೆ ಬಂದಿದ್ದೆ. ಪಾರ್ಕಿನ ಗೇಟಿನ ಕಡೆ ಗಲಾಟೆ ಕೇಳಿಸಿತು. ನೋಡಿದರೆ ಅಕ್ಕ. ಎದೆ ಬಡಿದುಕೊಂಡು, ಗೋಳೋ ಎಂದು ಅಳುತ್ತ ಬರುತ್ತಿದ್ದಳು. ಜನ ಎದ್ದು ದಾರಿ ಬಿಟ್ಟರು. ನಾನು ಮೈಕು ಆರಿಸಿ ಓಡಿದೆ.

"ಅಕ್ಕ, ಬದ್ಕಿವ್ನಿ ಕಣಕ್ಕ! ಯಾರೋ ಸುಳ್ಳು ಏಳವ್ರೆ!"

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಗೊತ್ತು ಕಣ್ಲಾ. ಬಸ್ಸಿಳಿದಾಗ್ಲೇ ನಿನ್ ದನಿ ಕೇಳ್ತು. ಅರ್ಧಕ್ಕೇ ನಿಲ್ಸುದ್ರೆ ನಿಂಗೆಲ್ಲಿ ಕೇಡಾದಾತೋ ಅಂತ, ಇಲ್ಲೀಗಂಟ ಅತ್ಕೊಂಡೇ ಬಂದೆ."