ನೀರುಳ್ಳಿ ಪಾತಿಯಲ್ಲಿ ಬಿದ್ದ ಕ್ಯಾಚು

ಹಸಿ ನೀರುಳ್ಳಿ ಸೊಪ್ಪನ್ನು ಚಪ್ಪಲಿ ಕಾಲಲ್ಲಿ ತುಳಿದರೆ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಅಡುಗೆಮನೆಯಲ್ಲಿ ಹೆಚ್ಚುವಾಗ ಬರುವುದಕ್ಕಿಂತ ಅದು ಬೇರೆ. ಮಣ್ಣೂ ಸೇರಿಕೊಂಡು ಮೂಗಿಗೆ ಸೀದಾ ಹೊಡೆಯುತ್ತದೆ. ಹೋದ ವಾರ ಕುಮಟೆಯ ಸಂತೆಯಲ್ಲಿ ಯಾರೋ ಚೆಲ್ಲಿಹೋದ ಸೊಪ್ಪಿನ ಮೇಲೆ ಕಾಲಿಟ್ಟೆ. ಅಷ್ಟೇ. ಖಾಲಿ ಚೀಲ ಹಿಡಿದು ಮನೆಗೆ ವಾಪಸು ಬಂದೆ. "ಎಂತ ಆತು ನಿಮ್ಗೆ? ಕಾಯಿಪಲ್ಲೆ ಎಲ್ಲಿ?" ಎಂದು ಹೆಂಡತಿ ಕೇಳಿದಳು. ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಚಪ್ಪಲಿ ತೊಳೆಯಲು ಹೋದೆ. ಆ ವಾಸನೆಯ ಹಿಂದೆ ಇರುವುದು ಅವಳು ಈ ಮನೆಗೆ ಬರುವ ಮೊದಲಿನ ಕತೆ. ಅಲ್ಲಿಯವರೆಗೆ ಅವಳಿಗೂ ಹೇಳಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ಆಗ ನಾನು ಕಚೇರಿಯೊಂದರಲ್ಲಿ ಹೊಸ ಗುಮಾಸ್ತ. ಕ್ರಿಕೆಟ್ ಹುಚ್ಚು ಬಹಳ, ಆಡಲು ಮಾತ್ರ ಬಾರದು. ಬ್ಯಾಟು ಹಿಡಿದು ನಿಂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಡಲು ಬಾರದವರಿಗೆ ಆಡುವವರ ತಪ್ಪುಗಳು ಚೆನ್ನಾಗಿ ಕಾಣುತ್ತವೆ ನೋಡಿ. ಹಾಗಾಗಿ ಭಾನುವಾರ ಗದ್ದೆಯಂಚಿನ ಮೇಲೆ ನಿಂತು ಕೂಗುವವರಿಗೆ ನಾನೇ ಮುಖಂಡ.

ನಮ್ಮ ಮೈದಾನವೆಂದರೆ ಭತ್ತ ಕೊಯ್ದ ಗದ್ದೆ. ಅದರ ಒಂದು ಮಗ್ಗುಲಲ್ಲಿ, ನಾವು ನಿಲ್ಲುವ ಅಂಚಿನ ಕೆಳಗೇ, ನಾಗಿ ಎಂಬ ಹೆಂಗಸು ನೀರುಳ್ಳಿ ನೆಟ್ಟಿರುತ್ತಿದ್ದಳು. ಗದ್ದೆ ಅವಳದೇ. "ಆಡಿ, ಬೇಡ ಹೇಳುದಿಲ್ಲ. ಪಾತಿಗೆ ಮಾತ್ರ ಕಾಲು ಹಾಕ್ಬೇಡಿ" ಎಂಬುದೊಂದೇ ಅವಳ ಕರಾರು. ಆದರೆ ಗದ್ದೆ ಚಿಕ್ಕದಾಯಿತೆಂದು ನಾವು ಬೌಂಡರಿ ಗೆರೆಯನ್ನು ಪಾತಿಗಳಾಚೆಗೆ ಇಟ್ಟುಕೊಂಡೆವು. ಆ ಬದಿಯ ಫೀಲ್ಡಿಂಗಿಗೆ ನಾಗಿಯ ಮಗ ತಿಮ್ಮನನ್ನೇ ನಿಲ್ಲಿಸಿದೆವು. ಬ್ಯಾಟಿಂಗಿನಲ್ಲಿ ಅವನ ಸಮ ನಮ್ಮಲ್ಲಿ ಯಾರೂ ಇಲ್ಲ. ಫೀಲ್ಡಿಂಗ್ ಮಾತ್ರ, ಅಯ್ಯೋ! ಚೆಂಡು ಪಾತಿಗೆ ಹೋಯಿತೋ, ಓಡುತ್ತಿದ್ದವನು ಗಕ್ಕನೆ ನಿಲ್ಲುವನು. ಸಾಲಿನ ನಡುವೆ ಒಂದೊಂದೇ ಹೆಜ್ಜೆ ಇಟ್ಟು, ಸೊಪ್ಪು ಸರಿಸಿ, ಪೂಜೆಗೆ ಹೂ ಕೊಯ್ದ ಹಾಗೆ ಚೆಂಡನ್ನು ಎತ್ತಿಕೊಳ್ಳುವನು. ಅಷ್ಟರಲ್ಲಿ ಎದುರಿನವರು ಮೂರು ರನ್ನು ಓಡಿ ನಾಲ್ಕನೆಯದಕ್ಕೆ ಹೊರಟಿರುತ್ತಿದ್ದರು. ನಾವು ಮೈ ಪರಚಿಕೊಳ್ಳುತ್ತಿದ್ದೆವು. "ಏ ತಿಮ್ಮಾ, ಚೆಂಡು ಮೊಳಕೆ ಬಂತನಾ?" ಎಂದು ನಾನು ಕೂಗಿದರೆ ಅಂಚಿಗೆ ಅಂಚೇ ನಗುತ್ತಿತ್ತು. ಆ ನಗು ನನಗೆ ಬೇಕಿತ್ತು. ಅವನೇಕೆ ಹಾಗೆ ನಡೆಯುತ್ತಾನೆಂದು ನಮಗೆ ತಿಳಿದಿರಲಿಲ್ಲ ಎಂದುಕೊಳ್ಳಬೇಡಿ. ಎಲ್ಲರಿಗೂ ಗೊತ್ತಿತ್ತು.

ಒಂದು ಭಾನುವಾರ ಭಟ್ಕಳದ ತಂಡ ಬಂತು. ಶರಾವತಿಗೆ ಆಗ ಸೇತುವೆ ಇಲ್ಲ. ಹೊನ್ನಾವರದಲ್ಲಿ ಕಡೆಯ ಲಾಂಚು ತಪ್ಪೀತೆಂದು ಅವರಿಗೆ ಅವಸರ, ಸೋತೇವೆಂದು ನಮಗೆ ತಳಮಳ. ಅವರ ಕೊನೆಯ ಜೋಡಿ ಆಡುತ್ತಿತ್ತು. ಗೆಲ್ಲಲು ಬೇಕಾದದ್ದು ಎರಡೇ ರನ್ನು. ಚೆಂಡು ಎತ್ತರಕ್ಕೆ ಹಾರಿ ತಿಮ್ಮನ ತಲೆಯ ಮೇಲೆ ಬಂತು. ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಕೈಯೊಳಗೆ. ಆದರೆ ಅವನ ಹಿಮ್ಮಡಿ ಪಾತಿಯ ಮಣ್ಣಿಗೆ ತಾಗಿತು. ಅಲ್ಲೇ ನಿಂತು, ಮೈಯನ್ನಷ್ಟೇ ಹಿಂದಕ್ಕೆ ಬಾಗಿಸಿ ಕೈ ಚಾಚಿದ. ಬೆರಳಿಗೆ ತಾಗಿದ ಚೆಂಡು ನೀರುಳ್ಳಿಯೊಳಗೆ ಬಿತ್ತು. ಅವರು ಎರಡು ಓಡಿ ಗೆದ್ದರು.

ನಾನು ಅಂಚಿನಿಂದ ಇಳಿದು ಓಡಿದೆ. ನನ್ನ ಹಿಂದೆ ಮೂವತ್ತು ನಲವತ್ತು ಜನ. "ನಾಲ್ಕು ನೀರುಳ್ಳಿ ಹೋದ್ರೆ ನಿನ್ನ ಗಂಟು ಎಂತ ಹೋಗ್ತಿತ್ತಾ?" ಎಂದು ಅವನ ಎದುರಿಗೆ ನಿಂತು ಅರಚಿದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ. "ಒಡೆಯಾ, ಕಾಲು ತೆಗೀರಿ" ಎಂದ. ಕಾಲೆತ್ತಿದೆ. ಮತ್ತೆ ಇಡುವುದೆಲ್ಲಿ? ಸುತ್ತಲೂ ಪಾತಿ, ಪಾತಿಯ ತುಂಬ ನಮ್ಮವರು. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತೆ.

ಗಲಾಟೆ ಕೇಳಿ ನಾಗಿ ಬಂದಳು. ಬೈದಿದ್ದರೆ ಬಚಾವಾಗುತ್ತಿದ್ದೆವು. "ಎಲ್ಲ ಅಲ್ಲಲ್ಲೇ ನಿಲ್ಲಿ" ಎಂದಳು. ಒಬ್ಬೊಬ್ಬರ ಕೈ ಹಿಡಿದು, ಹೆಜ್ಜೆ ಎಲ್ಲಿ ಇಡಬೇಕೆಂದು ತೋರಿಸಿ ಆಚೆ ದಾಟಿಸಿದಳು.

ನಮ್ಮ ಕಡೆ ನೀರುಳ್ಳಿಯನ್ನು ಅದರ ಒಣಸೊಪ್ಪಿನಿಂದಲೇ ಜಡೆಯ ಹಾಗೆ ಹೆಣೆದು, ಗೊಂಚಲು ಮಾಡಿ ಮಾರುತ್ತಾರೆ. ಮಳೆಗಾಲಕ್ಕೆ ಮನೆಯಲ್ಲಿ ತೂಗುಹಾಕಲು ಜನ ಕೊಳ್ಳುವುದು ಗೊಂಚಲನ್ನೇ. ಸೊಪ್ಪು ಮುರಿದರೆ ಗಡ್ಡೆ ಬಲಿಯುವುದೂ ಇಲ್ಲ, ಹೆಣೆಯಲು ಬರುವುದೂ ಇಲ್ಲ. ಆ ಬೇಸಿಗೆಯಲ್ಲಿ ನಾಗಿ ಗೋಲಿಗಾತ್ರದ ಬಿಡಿ ನೀರುಳ್ಳಿಯನ್ನು ಬುಟ್ಟಿಯಲ್ಲಿ ಹೊತ್ತು ನಮ್ಮ ಬಾಗಿಲಿಗೂ ಬಂದಳು. "ಇದೆಂತ ನಾಗಿ, ಗೊಂಚಲು ಇಲ್ವಾ?" ಎಂದು ಅಮ್ಮ ಕೇಳಿದಳು. "ಈ ವರ್ಷ ಇಲ್ಲ, ಅಮ್ಮಾ" ಎಂದಳು ನಾಗಿ. ನನ್ನ ಹೆಸರು ಎತ್ತಲಿಲ್ಲ. ಒಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ ನಾನು ಹೊರಗೆ ಬರಲಿಲ್ಲ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಬಿಡಿ ನೀರುಳ್ಳಿ ಬೇಡವೆಂದು ಅಮ್ಮ ಅವಳನ್ನು ಕಳಿಸಿದಳು. ತಿಮ್ಮ ಮತ್ತೆ ಆಟಕ್ಕೆ ಬರಲಿಲ್ಲ.

ಸಂತೆಯಿಂದ ಬಂದ ಮರುದಿನ ತಿಮ್ಮನ ಮನೆಗೆ ಹೋದೆ. ನಾಗಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಜಗಲಿಯಲ್ಲಿ ಕೂತಿದ್ದ ತಿಮ್ಮನಿಗೂ ನನ್ನ ಹಾಗೇ ತಲೆ ಬೆಳ್ಳಗಾಗಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತನ್ನು ಹೇಳಿದೆ: "ಆ ದಿನ ಪಾತಿಗೆ ಮೊದಲು ಕಾಲಿಟ್ಟವ ನಾನು, ತಿಮ್ಮಾ."

"ಗೊತ್ತದೆ, ಒಡೆಯಾ" ಎಂದ. "ಬಾಕಿಯವ್ರು ಅಂಚಿನ ಮೇಲೇ ಇದ್ರು. ನೀವು ಇಳ್ದ್ರಿ, ಅದ್ಕೇ ಅವ್ರೂ ಇಳ್ದ್ರು."

ಇನ್ನು "ಆತು, ಬಿಡಿ" ಎಂದಾನೆಂದು ಕಾದೆ. ಅನ್ನಲಿಲ್ಲ. ನೀರು, ಬೆಲ್ಲ ಕೊಟ್ಟ. ಕುಡಿದು ಬಂದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಹೋಗಿ ಹೇಳಿದ ಮೇಲೆ ಹಗುರ ಆತಾ?" ಎಂದು ಕೇಳಿದಳು. ಆಗಲಿಲ್ಲ. ಅವತ್ತಿನಿಂದ ಒಂದು ಕಡೆ ಕೂರಲಾರೆ, ಅಂಗಳದಲ್ಲಿ ಸುಮ್ಮನೆ ತಿರುಗುತ್ತೇನೆ. ಚೆಂಡನ್ನೇ ನೋಡುತ್ತಿದ್ದ ಅವನಿಗೆ ಮೊದಲು ಇಳಿದದ್ದು ಯಾರೆಂದು ತಿಳಿಯದು, ಅದನ್ನು ನಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಅವನಿಗೆ ಆ ದಿನವೇ ಗೊತ್ತಿತ್ತು. ಇಷ್ಟು ವರ್ಷ ದಾರಿಯಲ್ಲಿ ಸಿಕ್ಕಾಗೆಲ್ಲ ಅವನೇ ಮೊದಲು ನನಗೆ ಕೈ ಮುಗಿಯುತ್ತಿದ್ದ.